ಜಗುಲಿಯ ಮೋಡೆಮ್‌ಗೆ ಹೊಸ ವೈಫೈ ರೂಟರ್ ಜೋಡಿಸಿದೆ, ಉಪ್ಪರಿಗೆಯಲ್ಲಿ ‘ಇಂಟರ್ನೆಟ್ ಇಲ್ಲ’ ಅಂತ ಬರುತ್ತಿದೆ

ಅಕ್ಕೋರು, ಸಿದ್ದಾಪುರ
ಬುಧವಾರ ಸಂಜೆ 7:40

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನವಳು. 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ಈಗ ಮನೆಯಲ್ಲಿದ್ದೇನೆ. ಎರಡು ದಿನದಿಂದ ಒಂದು ರೂಟರ್ ಹಿಡಿದು ಕೂತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ. ಏನೂ ಬಿಟ್ಟುಹೋಗಬಾರದು ಅಂತ.

ನಮ್ಮದು ಹಳೇ ಮನೆ. ಗೋಡೆಯೆಲ್ಲ ಜಂಬಿಟ್ಟಿಗೆಯದ್ದು, ಒಂದೂವರೆ ಅಡಿ ದಪ್ಪ. ಫೈಬರ್ ಲೈನು ಜಗುಲಿಗೆ ಬಂದು ಅಲ್ಲೇ ಗೋಡೆಯ ಮೇಲಿನ ಮೋಡೆಮ್‌ಗೆ ಸೇರುತ್ತದೆ. ಜಗುಲಿಯಲ್ಲಿ ನೆಟ್ ಚೆನ್ನಾಗಿದೆ. ಅಡುಗೆಮನೆಯಲ್ಲಿ ಎರಡು ಗೆರೆ. ಉಪ್ಪರಿಗೆಯ ಕೋಣೆಯಲ್ಲಿ ಒಂದೂ ಇಲ್ಲ.

ನನ್ನ ಸೊಸೆ ಬೆಂಗಳೂರಿನ ಕಂಪನಿಯ ಕೆಲಸವನ್ನು ಇಲ್ಲಿಂದಲೇ ಮಾಡುತ್ತಾಳೆ. ಉಪ್ಪರಿಗೆಯಲ್ಲಿ ಅವಳಿಗೆಂದೇ ಮೇಜು, ಕುರ್ಚಿ ಹಾಕಿಸಿದ್ದೇವೆ. ಆದರೆ ಮೀಟಿಂಗ್ ಅಂದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಜಗುಲಿಗೇ ಇಳಿದು ಬರಬೇಕು. ಅಲ್ಲಿ ತೋಟದ ಕೆಲಸದವರು ಬರುತ್ತಾರೆ, ಪಹಣಿ ಪ್ರಿಂಟ್ ಕೇಳಿಕೊಂಡು ಅಕ್ಕಪಕ್ಕದವರು ಬರುತ್ತಾರೆ. ಅವಳು ಒಂದು ದಿನವೂ ಗೊಣಗಿಲ್ಲ. ಅದಕ್ಕೇ ನನಗೆ ಜಾಸ್ತಿ ಬೇಜಾರು. ಈಗ ತವರಿಗೆ ಹೋಗಿದ್ದಾಳೆ, ಭಾನುವಾರ ಬರುತ್ತಾಳೆ. ಅಷ್ಟರೊಳಗೆ ಇದನ್ನು ಸರಿ ಮಾಡಿಡಬೇಕು ಅಂತ ನನ್ನಾಸೆ. ಮಗ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುವ ಗಡಿಬಿಡಿಯಲ್ಲಿದ್ದಾನೆ. ಹಾಗಾಗಿ ನಾನೇ ಕೈಹಾಕಿದ್ದೇನೆ.

ಹೊಸ ರೂಟರ್ ತಂದೆ. ನಾಲ್ಕು ಆಂಟೆನಾ ಕೋಲು ಇದೆ. ಹಿಂದೆ ಒಂದು ನೀಲಿ ಕಿಂಡಿ, ಅದರ ಮೇಲೆ ವ್ಯಾನ್ ಅಂತ ಬರೆದಿದೆ. ಪಕ್ಕದಲ್ಲಿ ನಾಲ್ಕು ಹಳದಿ ಕಿಂಡಿ, ಲ್ಯಾನ್ ಅಂತ. 20 ಮೀಟರ್ ರೆಡಿ ಲ್ಯಾನ್ ಕೇಬಲ್ ತಂದು ಜಗುಲಿಯಿಂದ ತೊಲೆಯ ಪಕ್ಕದಲ್ಲೇ ಎಳೆದು ಮೆಟ್ಟಿಲ ಮೇಲಿಂದ ಕೋಣೆಗೆ ತಲುಪಿಸಿದ್ದೇನೆ.

ಮೊದಲು ಕೇಬಲನ್ನು ನೀಲಿ ಕಿಂಡಿಗೆ ಹಾಕಿದೆ. ಫೋನಿನಲ್ಲಿ ಹೊಸ ವೈಫೈ ಹೆಸರು ಬಂತು, ಪಾಸ್‌ವರ್ಡ್ ತಗೊಂಡಿತು, ಆದರೆ ‘ಇಂಟರ್ನೆಟ್ ಇಲ್ಲ’ ಅಂದಿತು. ಆಮೇಲೆ ಹಳದಿ ಕಿಂಡಿಗೆ ಬದಲಾಯಿಸಿದೆ. ನೆಟ್ ಬಂತು! ಇಪ್ಪತ್ತು ನಿಮಿಷ ಚೆನ್ನಾಗಿತ್ತು. ಅಷ್ಟರಲ್ಲಿ ಕೆಳಗೆ ಮಗನ ಫೋನಿಗೆ ನೆಟ್ ಹೋಯಿತು, ಪ್ರಿಂಟರೂ ಸಿಗಲಿಲ್ಲ. ಬ್ರೌಸರ್‌ನಲ್ಲಿ 192.168.1.1 ಅಂತ ಹೊಡೆದರೆ ಒಮ್ಮೆ ಹಳೇ ಮೋಡೆಮ್‌ನ ಪುಟ ಬರುತ್ತದೆ, ಇನ್ನೊಮ್ಮೆ ಹೊಸದರ ಪುಟ. ಕೇಬಲ್ ಕಿತ್ತ ಮೇಲೆ ಜಗುಲಿ ಮೊದಲಿನಂತಾಯಿತು.

ಮೋಡೆಮ್‌ನಲ್ಲಿ ಪಾನ್ ದೀಪ (ಫೈಬರ್ ಸಿಗ್ನಲ್ ಬರುತ್ತಿದೆ ಅಂತ ತೋರಿಸುವುದು) ಹಸಿರು, ಅಲುಗಾಡದೆ ಉರಿಯುತ್ತಿದೆ. ಎಲ್‌ಒಎಸ್ ಕೆಂಪು ದೀಪ (ಸಿಗ್ನಲ್ ಕಡಿದಾಗ ಉರಿಯುವುದು) ಆರಿದೆ. ಎರಡೂ ಪೆಟ್ಟಿಗೆಯ ತಳದ ಚೀಟಿಯಲ್ಲಿ 192.168.1.1 ಅಂತಲೇ ಬರೆದಿದೆ. ಯಾವ ಕಿಂಡಿ ಸರಿ? ಹಳೇ ಮೋಡೆಮ್‌ನ ವೈಫೈ ನಿಲ್ಲಿಸಬೇಕಾ?

ಕುಂದಾಪುರದವ, ಈಗ ಮಸ್ಕತ್
ಬುಧವಾರ ರಾತ್ರಿ 9:15

ಅಮ್ಮ, ನಮಸ್ಕಾರ. ಕೇಬಲ್ ರಗಳೆ ಯಾಕೆ? ವೈಫೈಯನ್ನು ಹಿಡಿದು ಮುಂದಕ್ಕೆ ದಾಟಿಸುವ, ಪ್ಲಗ್ಗಿಗೆ ಚುಚ್ಚುವ ರಿಪೀಟರ್ ಸಿಗುತ್ತದೆ. ಊರಲ್ಲಿ ಅಪ್ಪ ಅಮ್ಮನ ಮನೆಗೆ ಅದನ್ನೇ ಹಾಕಿಸಿದ್ದೇನೆ. ಮೋಡೆಮ್‌ಗೂ ಕೋಣೆಗೂ ನಡುವೆ ಒಂದು ಸಾಕೆಟ್ ನೋಡಿ ಚುಚ್ಚಿದರೆ ಆಯಿತು. ದಿನಾ ರಾತ್ರಿ ವಿಡಿಯೋ ಕಾಲ್ ಮಾಡುತ್ತೇನೆ, ಏನೂ ತೊಂದರೆ ಇಲ್ಲ.

ಕೇಬಲ್ ಕೆಲಸ, ಸಾಗರ
ಬುಧವಾರ ರಾತ್ರಿ 10:50

ಅಕ್ಕೋರೇ, ಎಲ್ಲಕ್ಕಿಂತ ಮೊದಲು ಒಂದು ಮಾತು. ಜಗುಲಿಯ ಮೋಡೆಮ್ ಹಿಂದೆ ರೀಸೆಟ್ ಅಂತ ಸಣ್ಣ ತೂತು ಇರುತ್ತದೆ. ಅದಕ್ಕೆ ಪಿನ್ನು ಹಾಕಬೇಡಿ. ನಮ್ಮಂಥವರು ಲೈನು ಕೊಡುವಾಗ ಯೂಸರ್ ಹೆಸರು, ಪಾಸ್‌ವರ್ಡ್, ವಿಲ್ಯಾನ್ ನಂಬರ್ (ಲೈನಿನ ಒಂದು ಸೆಟ್ಟಿಂಗ್) ಎಲ್ಲ ಅದರೊಳಗೆ ಹಾಕಿರುತ್ತೇವೆ. ಹತ್ತು ಸೆಕೆಂಡು ಒತ್ತಿದರೆ ಸಾಮಾನ್ಯವಾಗಿ ಅಷ್ಟೂ ಅಳಿಸಿಹೋಗುತ್ತದೆ. ಹೋದ ಮಳೆಗಾಲದಲ್ಲಿ ಒಂದು ಮನೆಯವರು ಹಾಗೆ ಒತ್ತಿದ್ದರು. 22 ಕಿಲೋಮೀಟರ್ ಬೈಕಿನಲ್ಲಿ ನೆನೆದುಕೊಂಡು ಹೋದೆ. ಅವರ ತಪ್ಪಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಈಗ ಎಲ್ಲರಿಗೂ ಮೊದಲು ಇದನ್ನೇ ಹೇಳುತ್ತೇನೆ. ಹೊಸ ರೂಟರನ್ನು ಎಷ್ಟು ಸಲ ರೀಸೆಟ್ ಮಾಡಿದರೂ ಚಿಂತೆ ಇಲ್ಲ.

ಮಸ್ಕತ್‌ನ ಅಣ್ಣ ಹೇಳಿದ ರಿಪೀಟರ್ ಇಟ್ಟಿಗೆ ಗೋಡೆಯ ಚಿಕ್ಕ ಮನೆಗೆ ಸಾಕು. ಜಂಬಿಟ್ಟಿಗೆ ಮನೆಗೆ ಬೇಡ. ನಡುವಿನ ಸಾಕೆಟ್‌ಗೆ ಬರುವುದೇ ಎರಡು ಗೆರೆ. ಬಂದಷ್ಟನ್ನೇ ಅದು ಮುಂದೆ ದಾಟಿಸಬೇಕು. ಕಡಿಮೆ ಬೆಲೆಯದ್ದಾದರೆ ಕೇಳುವುದೂ ಹೇಳುವುದೂ ಒಂದೇ ರೇಡಿಯೋದಲ್ಲಿ, ಸ್ಪೀಡು ಅರ್ಧಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿದ ಮೇಲೆ ಇನ್ನೂ ಕಡಿಮೆ. ನೀವು ಕೇಬಲ್ ಎಳೆದದ್ದೇ ಸರಿ. ಕಷ್ಟದ ಕೆಲಸ ಮುಗಿದಿದೆ.

ಈಗ ನಿಮ್ಮ ತೊಂದರೆ. ಮನೆಯ ಪ್ರತಿ ಫೋನು, ಲ್ಯಾಪ್‌ಟಾಪು, ಪ್ರಿಂಟರಿಗೆ ಒಂದೊಂದು ನಂಬರ್ ಬೇಕು. ಅದು ಐಪಿ ಅಡ್ರೆಸ್. ಆ ನಂಬರ್ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಈಗ ಎರಡು ಪೆಟ್ಟಿಗೆ, ಎರಡೂ ತನ್ನ ನಂಬರ್ 192.168.1.1 ಅನ್ನುತ್ತಿವೆ, ಎರಡೂ ನಂಬರ್ ಹಂಚುತ್ತಿವೆ. ನೀಲಿ ಕಿಂಡಿ ಹೊರಗಿನ ಲೈನಿಗೆ, ಹಳದಿ ಕಿಂಡಿ ಮನೆಯೊಳಗಿನ ನೆಟ್‌ವರ್ಕಿಗೆ. ನೀಲಿ ಕಿಂಡಿಗೆ ಹಾಕಿದಾಗ ಹೊಸ ರೂಟರಿಗೆ ಹೊರಗಡೆಯೂ 192.168.1, ಒಳಗಡೆಯೂ 192.168.1. ಯಾವ ಕಡೆ ಕಳಿಸಬೇಕು ಅಂತ ಅದಕ್ಕೆ ತಿಳಿಯದು. ಹಳದಿಗೆ ಹಾಕಿದಾಗ ಎರಡೂ ಒಂದೇ ನೆಟ್‌ವರ್ಕಿಗೆ ಬಂದು ಒಂದರ ಫೋನಿಗೆ ಇನ್ನೊಂದು ನಂಬರ್ ಕೊಟ್ಟಿತು. ಹೊಸದರಿಂದ ನಂಬರ್ ಪಡೆದ ಫೋನು ಹೊಸದನ್ನೇ ಹೊರದಾರಿ ಅಂತ ನಂಬುತ್ತದೆ. ಅದರ ನೀಲಿ ಕಿಂಡಿ ಖಾಲಿ, ದಾರಿಯೇ ಇಲ್ಲ. 192.168.1.1 ಯಾರದ್ದು ಅನ್ನುವುದಕ್ಕೆ ಯಾವ ಪೆಟ್ಟಿಗೆಯ ಉತ್ತರ ಸಿಕ್ಕಿತೋ ಅದರ ಪುಟ ತೆರೆಯುತ್ತದೆ.

ಹೀಗೆ ಮಾಡಿ. ಉದ್ದ ಕೇಬಲನ್ನು ರೂಟರಿನಿಂದ ತೆಗೆದಿಡಿ. ಫೋನನ್ನು ಹೊಸ ರೂಟರಿನ ವೈಫೈಗೆ ಮಾತ್ರ ಸೇರಿಸಿ, ಮೊಬೈಲ್ ಡೇಟಾ ಆಫ್ ಮಾಡಿ, 192.168.1.1 ತೆರೆಯಿರಿ. ಮೊದಲು ವೈಫೈ ಹೆಸರು, ಪಾಸ್‌ವರ್ಡ್ ಹಾಕಿ. ಆಮೇಲೆ ಲ್ಯಾನ್ ಅನ್ನುವ ಪುಟದಲ್ಲಿ ರೂಟರಿನ ಅಡ್ರೆಸನ್ನು 192.168.1.2 ಮಾಡಿ. ಡಿಎಚ್‌ಸಿಪಿ ಆಫ್ ಮಾಡಿ. ಸೇವ್ ಮಾಡಿ. ಕೊನೆಗೆ ಉದ್ದ ಕೇಬಲನ್ನು ಹಳದಿ ಕಿಂಡಿಗೆ ಹಾಕಿ. ನೀಲಿ ಖಾಲಿ ಇರಲಿ. ಜಗುಲಿಯ ವೈಫೈ ನಿಲ್ಲಿಸುವುದು ಬೇಡ, ಅದು ಜಗುಲಿಗೆ ಬೇಕಲ್ಲ.

ಕಾಲೇಜು ಲ್ಯಾಬ್, ಮೈಸೂರು
ಗುರುವಾರ ಬೆಳಿಗ್ಗೆ 8:05

ಸಾಗರದವರು ಹೇಳಿದ ದಾರಿ ಸರಿ. ಒಂದು ಕಡೆ ಮಾತ್ರ ತಿದ್ದುತ್ತೇನೆ. 192.168.1.2 ಬೇಡ ಮೇಡಂ. ಬಹಳಷ್ಟು ಮೋಡೆಮ್‌ಗಳು 2ರಿಂದಲೇ ನಂಬರ್ ಹಂಚಲು ಶುರು ಮಾಡುತ್ತವೆ. ನಾಳೆ ಅದೇ 2ನ್ನು ಯಾರದೋ ಫೋನಿಗೆ ಕೊಟ್ಟರೆ ಮತ್ತೆ ಅದೇ ಗಲಾಟೆ, ಅದೂ ವಾರಕ್ಕೊಮ್ಮೆ ಬಂದು ಹೋಗುವ ಗಲಾಟೆ. ಅಂಥದ್ದನ್ನು ಹುಡುಕುವುದು ತುಂಬ ಕಷ್ಟ. ನಮ್ಮ ಲ್ಯಾಬಿನಲ್ಲಿ ಒಂದು ಪ್ರಿಂಟರಿಂದ ಹೀಗಾಗಿ ನಾನು ನಾಲ್ಕು ದಿನ ಕಳೆದಿದ್ದೇನೆ.

ಜಗುಲಿಯ ಮೋಡೆಮ್‌ನ ಪುಟಕ್ಕೆ ಹೋಗಿ ಡಿಎಚ್‌ಸಿಪಿ ಎಲ್ಲಿಂದ ಎಲ್ಲಿಯವರೆಗೆ ಅಂತ ನೋಡಿ. 2ರಿಂದ 254 ಅಂತಿದ್ದರೆ ಕೊನೆಯದನ್ನು 200 ಮಾಡಿ. ಹೊಸ ರೂಟರಿಗೆ 192.168.1.250 ಕೊಡಿ. ಅದು ಹಂಚುವ ಸಾಲಿನ ಹೊರಗೆ ಉಳಿಯುತ್ತದೆ. ಮೋಡೆಮ್‌ನಲ್ಲಿ ಇಷ್ಟು ಮತ್ತು ಕೆಳಗೆ ಹೇಳುವ ವೈಫೈ ಸೆಟ್ಟಿಂಗ್ ಬಿಟ್ಟು ಬೇರೆ ಏನೂ ಮುಟ್ಟಬೇಡಿ.

ಹೊಸ ರೂಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ನಂಬರ್ ಹಂಚದೆ ವೈಫೈ ಮಾತ್ರ ಕೊಡುವುದು) ಅಂತ ಆಯ್ಕೆ ಇದೆಯಾ ನೋಡಿ. ಇದ್ದರೆ ಇದೆಲ್ಲ ಅದೇ ಮಾಡಿಕೊಳ್ಳುತ್ತದೆ.

ಇನ್ನೊಂದು ದಾರಿಯೂ ಇದೆ. ಹೊಸದರ ಅಡ್ರೆಸನ್ನು 192.168.2.1 ಮಾಡಿ ನೀಲಿ ಕಿಂಡಿಗೇ ಹಾಕಿದರೂ ನೆಟ್ ಬರುತ್ತದೆ. ಆದರೆ ಉಪ್ಪರಿಗೆ ಬೇರೆ ನೆಟ್‌ವರ್ಕ್, ಜಗುಲಿ ಬೇರೆ ನೆಟ್‌ವರ್ಕ್ ಆಗುತ್ತದೆ. ಸೊಸೆಯ ಲ್ಯಾಪ್‌ಟಾಪಿಗೆ ಕೆಳಗಿನ ಪ್ರಿಂಟರ್ ತಾನಾಗಿ ಕಾಣುವುದಿಲ್ಲ. ನಿಮ್ಮ ಮನೆಗೆ ಹಳದಿ ಕಿಂಡಿಯೇ ಒಳ್ಳೆಯದು. ಯಾರಾದರೂ ಬ್ರಿಡ್ಜ್ ಮೋಡ್ (ಮೋಡೆಮ್‌ನ ರೂಟರ್ ಕೆಲಸವನ್ನೆಲ್ಲ ಹೊಸ ರೂಟರಿಗೆ ಬಿಡುವುದು) ಮಾಡಿ ಅಂದರೆ ಈಗ ಬೇಡ. ಫೈಬರಿನ ಜೊತೆ ಲ್ಯಾಂಡ್‌ಲೈನ್ ಫೋನ್ ಇದ್ದರೆ ಅದೂ ಸಾಮಾನ್ಯವಾಗಿ ಆ ಮೋಡೆಮ್‌ನಲ್ಲೇ ಇರುತ್ತದೆ. ಗೊತ್ತಿಲ್ಲದೆ ಬದಲಾಯಿಸಿದರೆ ಎರಡೂ ಹೋಗಬಹುದು.

ಎರಡೂ ವೈಫೈಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಭದ್ರತೆ ಇಡಿ. ಮೆಟ್ಟಿಲು ಹತ್ತಿದಾಗ ಫೋನು ಸಾಮಾನ್ಯವಾಗಿ ತಾನಾಗಿ ಮೇಲಿನದಕ್ಕೆ ಹೋಗುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಜಗುಲಿಗೆ 1ನೇ ಚಾನೆಲ್, ಮೇಲೆ 6 ಅಥವಾ 11. ಒಂದರ ಮೇಲೊಂದು ಬೀಳುವುದಿಲ್ಲ. ಸೊಸೆಯ ಮೇಜು ರೂಟರಿನ ಕೋಣೆಯಲ್ಲೇ ಇರುವುದರಿಂದ ಅವರಿಗೆ 5 ಗಿಗಾಹರ್ಟ್ಸ್ ಚೆನ್ನಾಗಿ ಸಿಗುತ್ತದೆ. ಅದು ದಪ್ಪ ಗೋಡೆಯನ್ನು ಸರಿಯಾಗಿ ದಾಟುವುದಿಲ್ಲ, ಆದರೆ ಅಲ್ಲಿ ದಾಟಬೇಕಾಗಿಯೂ ಇಲ್ಲ. ಇದಕ್ಕಿಂತ ಒಳ್ಳೆಯದು, ಹಳದಿ ಕಿಂಡಿಯಿಂದ ಲ್ಯಾಪ್‌ಟಾಪಿಗೆ ಒಂದು ಮೀಟರ್ ಲ್ಯಾನ್ ಕೇಬಲ್ ಹಾಕಿಬಿಡಿ. ಮೀಟಿಂಗ್ ಸಮಯದಲ್ಲಿ ವೈಫೈ ಚಿಂತೆಯೇ ಇರುವುದಿಲ್ಲ.

ಅಕ್ಕೋರು, ಸಿದ್ದಾಪುರ
ಗುರುವಾರ ಮಧ್ಯಾಹ್ನ 3:30

ಇಬ್ಬರಿಗೂ ತುಂಬ ಧನ್ಯವಾದ. ಓದಿದ ಮೇಲೆ ನನಗೆ ಅರ್ಥವಾಯಿತು. ಶಾಲೆಯಲ್ಲಿ ಒಂದೇ ತರಗತಿಗೆ ಇಬ್ಬರು ಟೀಚರು ಎರಡು ಹಾಜರಿ ಪುಸ್ತಕ ಇಟ್ಟು ಮಕ್ಕಳಿಗೆ ನಂಬರ್ ಕೊಟ್ಟ ಹಾಗೆ. ಏಳನೇ ನಂಬರ್ ಅಂತ ಕೂಗಿದರೆ ಇಬ್ಬರು ಮಕ್ಕಳು ಎದ್ದು ನಿಲ್ಲುತ್ತಾರೆ. ಹಾಜರಿ ಪುಸ್ತಕ ಒಂದೇ ಇರಬೇಕು, ಅದು ಜಗುಲಿಯಲ್ಲಿರಲಿ. ಸರಿ ತಾನೆ?

ಈಗ ಎಲ್ಲಿ ನಿಂತೆ ಹೇಳುತ್ತೇನೆ. ಮೋಡೆಮ್‌ನಲ್ಲಿ 2ರಿಂದ 254 ಅಂತಲೇ ಇತ್ತು, 200 ಮಾಡಿದೆ. ಹೊಸದರಲ್ಲಿ ಆಕ್ಸೆಸ್ ಪಾಯಿಂಟ್ ಅನ್ನುವ ಆಯ್ಕೆ ಎಲ್ಲೂ ಸಿಗಲಿಲ್ಲ. ಅಡ್ರೆಸ್ 192.168.1.250 ಮಾಡಿದೆ, ಡಿಎಚ್‌ಸಿಪಿ ಆಫ್ ಮಾಡಿದೆ, ಸೇವ್ ಒತ್ತಿದೆ. ಆಮೇಲೆ ಪುಟ ಸುತ್ತುತ್ತಲೇ ಇದೆ. ಫೋನು ಹೊಸ ವೈಫೈಗೆ ಸೇರುತ್ತಲೇ ಇಲ್ಲ, ‘ಐಪಿ ಅಡ್ರೆಸ್ ಪಡೆಯಲಾಗುತ್ತಿದೆ’ ಅಂತ ನಿಲ್ಲುತ್ತದೆ. ಹಾಳು ಮಾಡಿಬಿಟ್ಟೆನಾ?

ಕೇಬಲ್ ಕೆಲಸ, ಸಾಗರ
ಗುರುವಾರ ಸಂಜೆ 4:10

ಇಲ್ಲ ಅಕ್ಕೋರೇ, ಏನೂ ಹಾಳಾಗಿಲ್ಲ. ನೀವೇ ಹೇಳಿದ ಹಾಗೆ ಹಾಜರಿ ಪುಸ್ತಕ ಜಗುಲಿಯಲ್ಲಿದೆ. ಹೊಸದರ ಪುಸ್ತಕ ಮುಚ್ಚಿದಿರಿ, ಜಗುಲಿಗೆ ಹೋಗುವ ಕೇಬಲ್ ಇನ್ನೂ ಹಾಕಿಲ್ಲ. ಫೋನಿಗೆ ನಂಬರ್ ಕೊಡುವವರೇ ಇಲ್ಲ. ಕೇಬಲನ್ನು ಹಳದಿ ಕಿಂಡಿಗೆ ಹಾಕಿ, ಫೋನಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ನಾನು ಇದನ್ನು ಮೊದಲೇ ಬರೆಯಬೇಕಿತ್ತು.

ಮೈಸೂರಿನವರು ಹೇಳಿದ 2ರ ವಿಷಯ ನನಗೆ ಹೊಳೆದಿರಲಿಲ್ಲ. ಹಾಗೆ ಎಷ್ಟೋ ಮನೆಗೆ ಮಾಡಿಕೊಟ್ಟಿದ್ದೇನೆ. ಈ ವಾರ ಒಂದೊಂದೇ ಹೋಗಿ ಸರಿ ಮಾಡುತ್ತೇನೆ.

ಅಕ್ಕೋರು, ಸಿದ್ದಾಪುರ
ಗುರುವಾರ ಸಂಜೆ 5:25

ಬಂತು! ಹಳದಿ ಕಿಂಡಿಯ ದೀಪ ಮಿನುಗಿತು, ಫೋನು ಸೇರಿತು, ನೆಟ್ ಓಡುತ್ತಿದೆ. ಸ್ಪೀಡ್ ನೋಡಿದೆ. ಜಗುಲಿಯಲ್ಲಿ 94, ಉಪ್ಪರಿಗೆಯಲ್ಲಿ 91. ನಮ್ಮದು 100 ಎಂಬಿಪಿಎಸ್ ಪ್ಲಾನು. 192.168.1.1 ಹೊಡೆದರೆ ಮೋಡೆಮ್ ಪುಟ, 192.168.1.250 ಹೊಡೆದರೆ ಹೊಸದರ ಪುಟ. ಹತ್ತು ಸಲ ಹೊಡೆದು ನೋಡಿದೆ, ಬದಲಾಗಲಿಲ್ಲ. ಮೇಲಿಂದ ಒಂದು ಪಹಣಿ ಪ್ರಿಂಟ್ ಕೊಟ್ಟೆ, ಕೆಳಗೆ ಬಂತು.

ಎರಡೂ ನಂಬರ್, ವೈಫೈ ಹೆಸರು, ಯಾವ ಕಿಂಡಿಗೆ ಯಾವ ಕೇಬಲ್, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿಟ್ಟಿದ್ದೇನೆ. ನೀಲಿ ಕಿಂಡಿಯ ಮೇಲೆ ಪ್ಲಾಸ್ಟರ್ ಅಂಟಿಸಿದ್ದೇನೆ, ಯಾರೂ ಅಲ್ಲಿಗೆ ಹಾಕದಿರಲಿ ಅಂತ.

ಇನ್ನೊಂದು ಕೇಳುತ್ತೇನೆ. ಕೊಟ್ಟಿಗೆಗೂ ಕ್ಯಾಮೆರಾ ಹಾಕಬೇಕು ಅಂತ ಮಗನಿಗಿದೆ. ಅಂಗಳ ದಾಟಿ 30 ಮೀಟರ್ ಆಗಬಹುದು. ಇದೇ ಲ್ಯಾನ್ ಕೇಬಲ್ ಎಳೆಯಬಹುದಾ?

ಅಡಿಕೆ ತೋಟ, ಹೊಸನಗರ
ಗುರುವಾರ ರಾತ್ರಿ 8:45

ಅಕ್ಕೋರೇ, ಉದ್ದದ ಲೆಕ್ಕದಲ್ಲಿ ತೊಂದರೆ ಇಲ್ಲ. ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಹೋಗುತ್ತದೆ. ಆದರೆ ಅಂಗಳ ದಾಟಿಸಬೇಡಿ. ನಾನು ಮನೆಯಿಂದ ಪಂಪ್‌ಶೆಡ್ಡಿಗೆ ಹಾಗೆ ಎಳೆದಿದ್ದೆ. ಏಪ್ರಿಲ್‌ನಲ್ಲಿ ಒಂದು ಸಂಜೆ ಗುಡುಗು ಬಂತು. ಸಿಡಿಲು ಬಿದ್ದದ್ದು ದೂರದ ಮರಕ್ಕೆ. ಆದರೂ ಕ್ಯಾಮೆರಾ, ರೂಟರ್, ಮೋಡೆಮ್‌ನ ಒಂದು ಕಿಂಡಿ, ಮೂರೂ ಒಟ್ಟಿಗೇ ಹೋದವು. ಒಳಗಿರುವುದು ತಾಮ್ರ, ಹೊರಗೆ ಉದ್ದಕ್ಕೆ ತೂಗಿದರೆ ಸಿಡಿಲಿನ ಹೊಡೆತವನ್ನು ಮನೆಯೊಳಗೇ ಕರೆದು ತರುತ್ತದೆ.

ಈಗ ಆ ಜಾಗಕ್ಕೆ ಫೈಬರ್ ಎಳೆಸಿದ್ದೇನೆ. ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್, ಅಂದರೆ ಫೈಬರಿಗೂ ಲ್ಯಾನ್ ಕೇಬಲಿಗೂ ನಡುವೆ ಕೂರುವ ಚಿಕ್ಕ ಪೆಟ್ಟಿಗೆ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ಕೆಲವು ಫೈಬರ್ ಕೇಬಲಿನಲ್ಲಿ ಬಲಕ್ಕೆ ಅಂತ ಸ್ಟೀಲ್ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ.

ಮನೆಯೊಳಗಿನದ್ದಕ್ಕೂ ಒಂದು ರೂಢಿ ಮಾಡಿಕೊಳ್ಳಿ. ಮೋಡ ಕವಿದಾಗ, ಗುಡುಗು ಶುರುವಾಗುವ ಮೊದಲೇ ಎರಡೂ ಅಡಾಪ್ಟರ್ ಪ್ಲಗ್ಗಿಂದ ತೆಗೆಯಿರಿ, ಉದ್ದ ಕೇಬಲನ್ನು ಒಂದು ತುದಿಯಲ್ಲಾದರೂ ಕಳಚಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಕೇಬಲ್ ಕೆಲಸ, ಸಾಗರ
ಗುರುವಾರ ರಾತ್ರಿ 9:30

ಹೊಸನಗರದವರು ಹೇಳಿದ್ದು ನಿಜ. ಇನ್ನೆರಡು ಸೇರಿಸುತ್ತೇನೆ. ತೊಲೆಯ ಮೇಲಿನ ಕೇಬಲನ್ನು ವೈರಿಂಗಿಗೆ ಬಳಸುವಂಥ ಪಿವಿಸಿ ಪೈಪಿನೊಳಗೆ, ಕರೆಂಟಿನ ವೈರಿನ ಜೊತೆಗಲ್ಲದೆ ಬೇರೆಯಾಗಿಯೇ ಹಾಕಿಸಿ, ಇಲಿ ಕಡಿಯದ ಹಾಗೆ. ಮುಂದೆ ಹೊಸ ಕೇಬಲ್ ತರುವಾಗ ತುದಿಯ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ, ಮೇಲೆ ಮಾತ್ರ ತಾಮ್ರ. ಬೇಗ ಮುರಿಯುತ್ತದೆ, ತೆಗೆದುಕೊಳ್ಳಬೇಡಿ.

ಕರೆಂಟು ಹೋದಾಗಲೂ ಮೀಟಿಂಗ್ ನಿಲ್ಲಬಾರದು ಅಂದರೆ ರೂಟರಿಗೆ ಹಾಕುವ ಚಿಕ್ಕ ಯುಪಿಎಸ್ ಸಿಗುತ್ತದೆ. ಎರಡು ಬೇಕು, ಜಗುಲಿಗೊಂದು, ಮೇಲೊಂದು. ಮೇಲಿನದು ಉರಿದು ಜಗುಲಿಯದು ಆರಿದರೆ ನೆಟ್ ಇಲ್ಲ. ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಿದ್ದರೆ 12ರದ್ದೇ ತನ್ನಿ. ಆಂಪಿಯರ್ ಅಷ್ಟೇ ಇರಲಿ ಅಥವಾ ಜಾಸ್ತಿ ಇರಲಿ, ಕಡಿಮೆ ಬೇಡ.

ಅಕ್ಕೋರು, ಸಿದ್ದಾಪುರ
ಸೋಮವಾರ ಮಧ್ಯಾಹ್ನ 1:15

ಕೊಟ್ಟಿಗೆ ಕೆಲಸ ಸದ್ಯಕ್ಕೆ ನಿಲ್ಲಿಸಿದ್ದೇವೆ. ಫೈಬರ್ ಎಳೆಸುವುದಾದರೆ ಮಳೆ ಮುಗಿದ ಮೇಲೆ ಅಂತ ಮಗ ಒಪ್ಪಿದ. ಶನಿವಾರ ಪೇಟೆಗೆ ಹೋಗಿ ಎರಡು ಯುಪಿಎಸ್, ಪಿವಿಸಿ ಪೈಪು, ಒಂದು ಮೀಟರ್ ಕೇಬಲ್ ತಂದೆವು.

ಸೊಸೆ ನಿನ್ನೆ ಸಂಜೆ ಬಂದಳು. ನಾನು ಏನೂ ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಎಂದಿನಂತೆ ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಳು. ಮೇಲಕ್ಕೇ ಹೋಗು, ಮೇಜಿನ ಹತ್ತಿರ ಒಂದು ಕೇಬಲ್ ಇದೆ, ಹಾಕಿ ನೋಡು ಅಂದೆ. ಒಂಬತ್ತೂವರೆಗೆ ಬಾಗಿಲು ಹಾಕಿಕೊಂಡಳು. ಹತ್ತೂಮುಕ್ಕಾಲಿಗೆ ಕರೆಂಟು ಹೋಯಿತು. ಮೇಲಿಂದ ಅವಳ ಮಾತು ಕೇಳುತ್ತಲೇ ಇತ್ತು. ಹನ್ನೊಂದಕ್ಕೆ ಚಹಾ ತೆಗೆದುಕೊಂಡು ಹೋದೆ. ಇನ್ನೂ ಮೀಟಿಂಗ್ ನಡೆಯುತ್ತಿತ್ತು. ಲೋಟ ಮೇಜಿನ ಮೇಲಿಟ್ಟೆ. ಅವಳು ಮಾತು ನಿಲ್ಲಿಸದೆ ನನ್ನ ಕೈ ಹಿಡಿದು ಒಂದು ಸಲ ಒತ್ತಿದಳು.